ಸೋದರಮಾವನೇ ತೀರ್ಪು ಓದಿದ ದಿನ: ನಾರ್ಫೋಕ್ ಡ್ಯೂಕನ ಮನೆಯ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ವರ್ಷ ವಿದ್ಯಾರ್ಥಿಗಳ ಜೊತೆ ಸೇರಿ ಒಂದೂವರೆ ಗಂಟೆಯ ಕನ್ನಡ ನಾಟಕ ಬರೆಯುತ್ತಿದ್ದೇವೆ. ಇಂಗ್ಲೆಂಡಿನ ಎಂಟನೇ ಹೆನ್ರಿಯ ಕಾಲದ ಮೂರನೇ ನಾರ್ಫೋಕ್ ಡ್ಯೂಕ್, ಥಾಮಸ್ ಹಾವರ್ಡ್, ಅದರ ಮುಖ್ಯ ಪಾತ್ರ. ಓದುತ್ತಾ ಹೋದಂತೆ ಗೊಂದಲ ಜಾಸ್ತಿಯಾಗಿದೆ. ರಾಣಿಯಾಗಿದ್ದ ಆನ್ ಬೊಲಿನ್ ಮತ್ತು ಕ್ಯಾಥರಿನ್ ಹಾವರ್ಡ್ ಇಬ್ಬರಿಗೂ ಇವನು 'ಅಂಕಲ್'. ಇಬ್ಬರೂ ಸತ್ತರು, ಇವನು ಬದುಕಿದ. ಹೆಂಡತಿಯನ್ನು ಹೊಡೆಯುತ್ತಿದ್ದ ಅಂತ ಅವಳೇ ಪತ್ರ ಬರೆದಿದ್ದಾಳೆ, ಅವಳು ಸುಳ್ಳುಗಾತಿ ಅಂತ ಇವನು ಬರೆದಿದ್ದಾನೆ. ಸ್ವಂತ ಮಗಳೇ ಅಣ್ಣನ ವಿರುದ್ಧ ಹೇಳಿಕೆ ಕೊಟ್ಟಳಂತೆ. ಕೊನೆಗೆ ಇವನ ತಲೆ ಹೋಗಬೇಕಿದ್ದ ಬೆಳಗ್ಗೆಯೇ ರಾಜ ಸತ್ತನಂತೆ. ಇದರಲ್ಲಿ ನಿಜ ಎಷ್ಟು, ಕಟ್ಟುಕಥೆ ಎಷ್ಟು? ಇವನನ್ನು ಖಳನಾಯಕ ಮಾಡಿದರೆ ತಪ್ಪಾಗುತ್ತದಾ? ನನ್ನ ವಿದ್ಯಾರ್ಥಿನಿಯರು ಹೆಂಡತಿಯ ಪರ, ಹುಡುಗರು 'ಆ ಕಾಲವೇ ಹಾಗಿತ್ತು' ಅನ್ನುತ್ತಾರೆ. ನಾಟಕ ಎಲ್ಲಿ ಮುಗಿಸಲಿ ಅನ್ನುವುದೂ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಚಿಂತೆ ಇದು ಅಂತ ನನಗೆ ಅನಿಸಿತು: ಅವನನ್ನು ಕೆಟ್ಟವನು ಅಂದರೆ ಇತಿಹಾಸಕ್ಕೆ ಅನ್ಯಾಯವಾಗಬಹುದು, ಕಾಲವೇ ಹಾಗಿತ್ತು ಅಂದರೆ ಅವನ ಹೆಂಡತಿಗೆ ಅನ್ಯಾಯವಾಗಬಹುದು. ಈ ಚಿಂತೆ ಸರಿಯಾದದ್ದೇ. ಮೂವತ್ತು ವರ್ಷ ಯುರೋಪಿನ ಇತಿಹಾಸ ಪಾಠ ಮಾಡಿದ ನಾನೂ ಈ ಮನುಷ್ಯನ ವಿಷಯ ಬಂದಾಗಲೆಲ್ಲ ಇದೇ ಜಾಗದಲ್ಲಿ ನಿಂತಿದ್ದೇನೆ.

ಮೊದಲು ಆ 'ಅಂಕಲ್' ಪದವನ್ನು ಬಿಟ್ಟುಬಿಡಿ. ಅಲ್ಲೇ ಅರ್ಧ ಗೊಂದಲ ಇದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದ. ನಮ್ಮಲ್ಲಿ ಹಾಗಲ್ಲ, ಅದು ನಿಮಗೆ ದೊಡ್ಡ ಅನುಕೂಲ. ಆನ್ ಬೊಲಿನ್‌ಳ ತಾಯಿ ಎಲಿಜಬೆತ್ ಹಾವರ್ಡ್ ಇವನ ತಂಗಿ. ಹಾಗಾಗಿ ಆನ್‌ಗೆ ಇವನು ಸೋದರಮಾವ. ಕ್ಯಾಥರಿನ್ ಇವನ ತಮ್ಮ ಎಡ್ಮಂಡನ ಮಗಳು. ಅವಳಿಗೆ ದೊಡ್ಡಪ್ಪ. ಇನ್ನು ರಾಜನಿಗೆ? ಇವನ ಮೊದಲ ಹೆಂಡತಿ ಯಾರ್ಕ್ ಮನೆತನದ ಆನ್, ನಾಲ್ಕನೇ ಎಡ್ವರ್ಡ್ ರಾಜನ ಮಗಳು. ಎಂಟನೇ ಹೆನ್ರಿಯ ತಾಯಿಯ ಸ್ವಂತ ತಂಗಿ. ಅಂದರೆ ಹೆನ್ರಿಗೆ ಇವನು ಚಿಕ್ಕಪ್ಪ. ಒಬ್ಬನೇ ಮನುಷ್ಯ ರಾಜನಿಗೆ ಚಿಕ್ಕಪ್ಪ, ಒಬ್ಬ ರಾಣಿಗೆ ಸೋದರಮಾವ, ಇನ್ನೊಬ್ಬಳಿಗೆ ದೊಡ್ಡಪ್ಪ. ನಿಮ್ಮ ಪಾತ್ರಗಳು ಈ ಪದಗಳಿಂದಲೇ ಅವನನ್ನು ಕರೆಯಲಿ. ಸೋದರಮಾವ ಅಂದ ತಕ್ಷಣ ನಮ್ಮ ಪ್ರೇಕ್ಷಕರಿಗೆ ಏನು ನೆನಪಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಮದುವೆ ಮಂಟಪಕ್ಕೆ ಹುಡುಗಿಯ ಕೈಹಿಡಿದು ಕರೆತರುವವನು ಅವನು.

ಒಂದು ಎಚ್ಚರಿಕೆ ಮಾತ್ರ. ಆ ಸಂಬಂಧಕ್ಕೆ ನಮ್ಮಲ್ಲಿರುವ ತೂಕ ಅಲ್ಲಿ ಇರಲಿಲ್ಲ. ಅಲ್ಲಿ ತೂಕ ಇದ್ದದ್ದು ಮನೆತನಕ್ಕೆ, ಅಂದರೆ ಪದವಿ, ಜಮೀನು, ಲಾಂಛನ ಈ ಮೂರಕ್ಕೆ. ಈ ಮೂರೂ ಒಂದೇ ದಿನ ಹೋಗಬಹುದು ಅನ್ನುವುದನ್ನು ಥಾಮಸ್ ಹನ್ನೆರಡನೇ ವಯಸ್ಸಿನಲ್ಲೇ ನೋಡಿದ.

ಅವನು ಹುಟ್ಟಿದ್ದು 1473ರಲ್ಲಿ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಯುದ್ಧ ನಡೆಯಿತು. ತಾತ ಜಾನ್ ಹಾವರ್ಡ್, ಮೊದಲನೇ ಡ್ಯೂಕ್, ಮೂರನೇ ರಿಚರ್ಡ್ ರಾಜನ ಪರವಾಗಿ ಹೋರಾಡಿ ಅಲ್ಲೇ ಸತ್ತ. ಅಪ್ಪ ಗಾಯಗೊಂಡು ಸೆರೆಸಿಕ್ಕಿ, ಮೂರು ವರ್ಷಕ್ಕೂ ಜಾಸ್ತಿ ಲಂಡನ್ ಟವರ್ ಅನ್ನುವ ಕೋಟೆಯ ಸೆರೆಯಲ್ಲಿ ಇದ್ದ. ಪದವಿ ಹೋಯಿತು, ಜಮೀನು ಹೋಯಿತು. ಗೆದ್ದ ಏಳನೇ ಹೆನ್ರಿ ಅವುಗಳನ್ನು ಒಂದೇ ಸಲ ಹಿಂದಿರುಗಿಸಲಿಲ್ಲ. ತುಂಡು ತುಂಡಾಗಿ, ನಿಷ್ಠೆ ಅಳೆದು ಅಳೆದು ಕೊಟ್ಟ. 'ಡ್ಯೂಕ್' ಅನ್ನುವ ಪದವಿ ಮನೆಗೆ ಮರಳಿ ಬರಲು 1514ರವರೆಗೆ ಕಾಯಬೇಕಾಯಿತು. ಅದೂ ಯಾವಾಗ? ಹಿಂದಿನ ವರ್ಷ ಫ್ಲಾಡೆನ್ ಯುದ್ಧದಲ್ಲಿ ಅಪ್ಪ ಮತ್ತು ಮಗ ಸೇರಿ ಸ್ಕಾಟ್ಲೆಂಡಿನ ಸೈನ್ಯವನ್ನು ಸೋಲಿಸಿ, ಅಲ್ಲಿನ ರಾಜ ನಾಲ್ಕನೇ ಜೇಮ್ಸ್ ಯುದ್ಧಭೂಮಿಯಲ್ಲೇ ಸತ್ತ ಮೇಲೆ. ಇಪ್ಪತ್ತೆಂಟು ವರ್ಷ ಆ ಮನೆಯವರು ತಲೆ ತಗ್ಗಿಸಿಕೊಂಡೇ ಬದುಕಿದ್ದರು.

ಈ ಮನುಷ್ಯನನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕಿರುವ ಬೀಗದಕೈ ಇದೊಂದೇ. ರಾಜ ಎತ್ತ ತಿರುಗಿದರೂ ಅತ್ತ ತಿರುಗುವುದು ಅವನಿಗೆ ರಾಜಕೀಯ ಆಗಿರಲಿಲ್ಲ, ಅದು ಬಾಲ್ಯದ ಭಯ. ಇದು ಅವನ ತಪ್ಪನ್ನು ಚಿಕ್ಕದು ಮಾಡುವುದಿಲ್ಲ. ಆದರೆ ನಿಮ್ಮ ನಟ ಯಾವ ಭಾವದಿಂದ ಮಾತಾಡಬೇಕು ಅನ್ನುವುದನ್ನು ಇದು ಹೇಳುತ್ತದೆ. ಕ್ರೂರಿಯಂತೆ ಅಬ್ಬರಿಸುವುದು ಬೇಡ. ಹೆದರಿದವನ ಎಚ್ಚರ ಸಾಕು.

ನೋಟದ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡ ಮೀಸೆ, ಎತ್ತರದ ಆಳು ಹುಡುಕಬೇಡಿ. 1531ರಲ್ಲಿ ಅವನನ್ನು ಕಂಡ ವೆನಿಸ್ ನಗರದ ರಾಯಭಾರಿ, ಕುಳ್ಳ, ಸಣಕಲು ಮೈ, ಕಪ್ಪು ಕೂದಲು ಅಂತ ಬರೆದಿದ್ದಾನೆ. ಹಾನ್ಸ್ ಹೋಲ್ಬೈನ್ ಬರೆದ ಚಿತ್ರದಲ್ಲಿ ಅವನಿಗೆ ಅರವತ್ತಾರರ ಆಸುಪಾಸು. ಭುಜದ ಮೇಲೆ ತುಪ್ಪಳದ ನಿಲುವಂಗಿ. ಒಂದು ಕೈಯಲ್ಲಿ ಅರ್ಲ್ ಮಾರ್ಷಲ್ (ರಾಜ್ಯದ ಸಮಾರಂಭ, ಲಾಂಛನಗಳ ಉಸ್ತುವಾರಿ) ಹುದ್ದೆಯ ಚಿನ್ನದ ಕೋಲು, ಇನ್ನೊಂದರಲ್ಲಿ ಖಜಾಂಚಿಯ ಬಿಳಿ ಕೋಲು. ತುಟಿ ಬಿಗಿದಿದೆ. ಆ ಎರಡು ಕೋಲುಗಳು ರಂಗದ ಮೇಲೆ ಇರಲಿ, ಮುಂದೆ ಬಹಳ ಕೆಲಸಕ್ಕೆ ಬರುತ್ತವೆ.

ಈಗ ಆನ್ ಬೊಲಿನ್ ವಿಷಯ. ಸೋದರಮಾವನೇ ಅವಳನ್ನು ಕೊಲ್ಲಿಸಿದ ಅನ್ನುವುದು ಒಂದು ನಂಬಿಕೆ. ಅದು ಹಾಗಲ್ಲ. ಆರೋಪ ಕಟ್ಟುವ ಕೆಲಸದಲ್ಲಿ ಮುಂದೆ ನಿಂತವನು ರಾಜನ ಮಂತ್ರಿ ಥಾಮಸ್ ಕ್ರಾಮ್ವೆಲ್. ಆಗ ನಾರ್ಫೋಕ್‌ಗೆ ಸೋದರಸೊಸೆಯ ಮೇಲೆ ಹಿಡಿತವೇ ಇರಲಿಲ್ಲ. ಅವಳು ರಾಣಿಯಾದ ಮೇಲೆ ಇಬ್ಬರಿಗೂ ಚೆನ್ನಾಗಿ ಕೆಟ್ಟಿತ್ತು. ನಾಯಿಗೂ ಆಡಬಾರದ ಮಾತನ್ನು ಅವಳು ಇವನಿಗೆ ಆಡಿದಳು, ಇವನು ಬೈಯುತ್ತಾ ಹೊರಗೆ ಬಂದ ಅಂತ ಚಕ್ರವರ್ತಿ ಐದನೇ ಚಾರ್ಲ್ಸನ ರಾಯಭಾರಿ ಶಾಪ್ವಿ ಬರೆದಿದ್ದಾನೆ. ಶಾಪ್ವಿಗೆ ಆನ್ ಮೇಲೆ ದ್ವೇಷ ಇತ್ತು, ಅವನ ಮಾತಿಗೆ ಉಪ್ಪು ಖಾರ ಸೇರಿರುತ್ತದೆ. ಆದರೂ ಜಗಳ ನಡೆದದ್ದರಲ್ಲಿ ಅನುಮಾನ ಇಲ್ಲ.

ಆದರೆ ತೀರ್ಪು ಓದಿದವನು ಇವನೇ. 1536ರ ಮೇ 15, ಲಂಡನ್ ಟವರ್ ಒಳಗಿನ ದೊಡ್ಡ ಸಭಾಂಗಣ. ದೊಡ್ಡ ಮನೆತನದವರ ವಿಚಾರಣೆಗೆಂದು ರಾಜ ಆ ದಿನದ ಮಟ್ಟಿಗೆ 'ಲಾರ್ಡ್ ಹೈ ಸ್ಟೀವರ್ಡ್' ಅಂತ ಒಬ್ಬನನ್ನು ನೇಮಿಸುತ್ತಿದ್ದ. ಆ ದಿನ ಆ ಕುರ್ಚಿಯಲ್ಲಿ ನಾರ್ಫೋಕ್. ಅವನ ಕಾಲ ಬಳಿ ಅವನ ಮಗ ಹೆನ್ರಿ, ಸರ್ರೆಯ ಅರ್ಲ್, ಹತ್ತೊಂಬತ್ತರ ಆಸುಪಾಸಿನ ಹುಡುಗ, ಅಪ್ಪನ ಪರವಾಗಿ ಅರ್ಲ್ ಮಾರ್ಷಲ್ ಕೋಲು ಹಿಡಿದು ಕುಳಿತಿದ್ದ. ಎದುರಿಗೆ ಇಪ್ಪತ್ತಾರು ಲಾರ್ಡುಗಳು, ಸುತ್ತ ಕಿಕ್ಕಿರಿದ ಜನ. ಒಬ್ಬೊಬ್ಬರಾಗಿ ಎಲ್ಲರೂ 'ಅಪರಾಧಿ' ಅಂದರು. ರಾಜನ ಇಷ್ಟದಂತೆ ಸುಡುವುದು ಅಥವಾ ತಲೆ ಕಡಿಯುವುದು ಅಂತ ಸೋದರಮಾವ ಓದಿದ. ನಾಲ್ಕು ದಿನದ ಮೇಲೆ, ಮೇ 19ರಂದು, ಅವಳ ತಲೆ ಹೋಯಿತು.

ಅವನಿಗೆ ಬೇರೆ ದಾರಿ ಇತ್ತಾ ಅಂತ ನಿಮ್ಮ ಹುಡುಗರು ಕೇಳುತ್ತಾರೆ. ಕೇಳಲಿ. ಒಲ್ಲೆ ಅನ್ನಬಹುದಿತ್ತು, ಆದರೆ ರಾಣಿ ಮೇಲಿದ್ದದ್ದು ರಾಜದ್ರೋಹದ ಆರೋಪ. ಅವಳ ಪರ ನಿಂತಂತೆ ಕಂಡರೂ ಸಾಕು, ತನ್ನ ಕುತ್ತಿಗೆಗೆ ಬರುತ್ತಿತ್ತು. ಕಾಯಿಲೆ ಅನ್ನಬಹುದಿತ್ತು. ಆ ಇಪ್ಪತ್ತಾರು ಜನರಲ್ಲಿ ಒಬ್ಬ ನಾರ್ತಂಬರ್ಲೆಂಡಿನ ಅರ್ಲ್ ಹೆನ್ರಿ ಪರ್ಸಿ, ಹಿಂದೆ ಆನ್‌ಳನ್ನು ಮದುವೆಯಾಗಬೇಕೆಂದಿದ್ದವನು. ಅವನೂ 'ಅಪರಾಧಿ' ಅಂದ. ಅಂದ ಮೇಲೆ ಮೈ ಸರಿಯಿಲ್ಲದೆ ಎದ್ದು ಹೋದ, ಅದೇ ದಿನ ನಡೆದ ಅವಳ ಸೋದರ ಜಾರ್ಜನ ವಿಚಾರಣೆಗೆ ಇರಲಿಲ್ಲ. ಇನ್ನು ಹೆತ್ತ ತಂದೆ ಥಾಮಸ್ ಬೊಲಿನ್? ಮಗಳ ಜೊತೆ ವ್ಯಭಿಚಾರದ ಆರೋಪ ಹೊತ್ತ ನಾಲ್ವರು ಗಂಡಸರ ವಿಚಾರಣೆ ಮೂರು ದಿನ ಮೊದಲು ನಡೆದಾಗ ಆ ನ್ಯಾಯಪೀಠದಲ್ಲಿ ಅವನೂ ಕುಳಿತಿದ್ದ. ಅವರಿಗೆ ಶಿಕ್ಷೆಯಾದರೆ ಮಗಳ ಗತಿ ಏನು ಅಂತ ಅವನಿಗೆ ಗೊತ್ತಿರಲಿಲ್ಲವೇ? ಇದನ್ನೆಲ್ಲ ನೋಡಿದರೆ ನಾರ್ಫೋಕ್ ಒಬ್ಬನೇ ಕಲ್ಲೆದೆಯವನು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ಸಭಾಂಗಣದಲ್ಲಿ ಇದ್ದವರೆಲ್ಲ ಹೆದರಿದ್ದರು.

ಇಲ್ಲೊಂದು ಹಳೆಯ ನೆರಳೂ ಇದೆ, ನಾಟಕದಲ್ಲಿ ಬಿಡಬೇಡಿ. 1521ರಲ್ಲಿ ಬಕಿಂಗ್‌ಹ್ಯಾಮ್ ಡ್ಯೂಕ್ ಎಡ್ವರ್ಡ್ ಸ್ಟಾಫರ್ಡ್ ಮೇಲೆ ಇದೇ ರಾಜದ್ರೋಹದ ವಿಚಾರಣೆ ನಡೆದಾಗ ಲಾರ್ಡ್ ಹೈ ಸ್ಟೀವರ್ಡ್ ಆಗಿ ಕುಳಿತವನು ನಮ್ಮ ಥಾಮಸನ ಅಪ್ಪ. ಅಪರಾಧಿ ಸ್ವಂತ ಬೀಗ. ಮಗನಿಗೆ ಹೆಣ್ಣು ಕೊಟ್ಟವನು. ಮುದುಕ ಕಣ್ಣೀರು ಹಾಕುತ್ತಲೇ ಮರಣದಂಡನೆ ಓದಿದ. ಹೀಗೆ ಅಪ್ಪನಿಂದ ಮಗನಿಗೆ ಬಂದದ್ದು ಆ ಕುರ್ಚಿ.

ಆ ಬಕಿಂಗ್‌ಹ್ಯಾಮನ ಮಗಳೇ ನಿಮ್ಮ ವಿದ್ಯಾರ್ಥಿನಿಯರು ಪಕ್ಷ ಹಿಡಿದಿರುವ ಎಲಿಜಬೆತ್ ಸ್ಟಾಫರ್ಡ್. ಇವಳ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನೂರಾರು ವರ್ಷ ಇವಳನ್ನು 'ಬಾಯಿಬಡುಕಿ' ಅಂತ ಒಂದು ಸಾಲಿನಲ್ಲಿ ಮುಗಿಸಿಬಿಟ್ಟಿದ್ದಾರೆ.

ಮೊದಲ ಹೆಂಡತಿ 1511ರಲ್ಲಿ ತೀರಿಕೊಂಡಳು. ಅವಳ ಮಕ್ಕಳು ಯಾರೂ ಉಳಿಯಲಿಲ್ಲ. ನಲವತ್ತರ ಹತ್ತಿರ ಬಂದಿದ್ದ ಥಾಮಸ್ ಬಕಿಂಗ್‌ಹ್ಯಾಮನ ಮನೆಗೆ ಹೆಣ್ಣು ಕೇಳಲು ಹೋದ. ಎಲಿಜಬೆತ್‌ಗೆ ಆಗ ಹದಿನೈದರ ಆಸುಪಾಸು. ಅಪ್ಪ ಸಾಕಿದ ಹುಡುಗ ರಾಲ್ಫ್ ನೆವಿಲ್ ಜೊತೆ ಅವಳ ಮದುವೆ ನಿಶ್ಚಯವಾಗಿತ್ತು. ಎರಡು ವರ್ಷ ನಾವಿಬ್ಬರೂ ಪ್ರೀತಿಸಿದ್ದೆವು ಅಂತ ಅವಳೇ ಮುಂದೆ ಬರೆದಿದ್ದಾಳೆ. ಬೇರೆ ಹೆಣ್ಣುಮಕ್ಕಳನ್ನು ತೋರಿಸಿದರೂ ಇವನು ಒಪ್ಪಲಿಲ್ಲವಂತೆ, ಇವಳೇ ಬೇಕು ಅಂದನಂತೆ. ಎರಡು ಸಾವಿರ ಮಾರ್ಕ್ ವರದಕ್ಷಿಣೆಯ ಜೊತೆ 1513ರ ಆರಂಭದ ಹೊತ್ತಿಗೆ ಮದುವೆಯಾಯಿತು. ಹೆನ್ರಿ, ಮೇರಿ, ಥಾಮಸ್ ಅಂತ ಮಕ್ಕಳು ಬೆಳೆದರು. ಮೊದಮೊದಲು ಸಂಸಾರ ನೆಟ್ಟಗೇ ಇತ್ತು. ಗಂಡ ಐರ್ಲೆಂಡಿಗೆ ಹೋದಾಗ ಜೊತೆಗೆ ಹೋಗಿದ್ದಳು.

1520ರ ದಶಕದ ಕೊನೆಗೆ ಬೆಸ್ ಹಾಲೆಂಡ್ ಬಂದಳು. ಡ್ಯೂಕನ ಸೇವೆಯಲ್ಲಿದ್ದವನ ಮಗಳು. ದೊಡ್ಡ ಮನೆಯ ಗಂಡಸರಿಗೆ ಇಟ್ಟುಕೊಂಡವಳು ಇರುವುದು ಆಗ ಹೊಸದೇನಲ್ಲ. ಬಹಳಷ್ಟು ಹೆಂಡತಿಯರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇವಳು ಮುಚ್ಚಿಕೊಳ್ಳಲಿಲ್ಲ, ಅಷ್ಟೇ. ಜೊತೆಗೆ ಇನ್ನೊಂದು ಜಗಳವೂ ಸೇರಿಕೊಂಡಿತು. ಎಲಿಜಬೆತ್ ಹಳೆಯ ರಾಣಿ, ಅಂದರೆ ಆನ್‌ಗಾಗಿ ರಾಜ ಕೈಬಿಟ್ಟ ಮೊದಲ ಹೆಂಡತಿ, ಅರಗಾನ್ ದೇಶದ ಕ್ಯಾಥರಿನ್ ಪಕ್ಷ. ಗಂಡ ಸೋದರಸೊಸೆ ಆನ್‌ಳ ಪಕ್ಷ. 1530ರಲ್ಲಿ ಕಿತ್ತಳೆ ಹಣ್ಣಿನೊಳಗೆ ಪತ್ರ ಬಚ್ಚಿಟ್ಟು ಹಳೆಯ ರಾಣಿಗೆ ಕಳಿಸಿದ ಧೈರ್ಯಗಾರ್ತಿ ಇವಳು. ಅತ್ತ ಬೆಸ್ ಹಾಲೆಂಡ್ ಹೊಸ ರಾಣಿ ಆನ್‌ಳ ಸಖಿಯರಲ್ಲಿ ಒಬ್ಬಳಾದಳು. ಇವಳಿಗೆ ಹೇಗೆ ಅನಿಸಿರಬೇಕು!

1534ರ ವಸಂತದಲ್ಲಿ ಎಲ್ಲ ಮುರಿಯಿತು. ಗಂಡ ಅವಳನ್ನು ಹರ್ಟ್‌ಫರ್ಡ್‌ಶೈರಿನ ರೆಡ್‌ಬೋರ್ನ್ ಅನ್ನುವಲ್ಲಿ ಒಂದು ಮನೆಯಲ್ಲಿಟ್ಟ. ಒಡವೆ, ಬಟ್ಟೆ ಕಿತ್ತುಕೊಂಡ. ವರ್ಷಕ್ಕೆ ಮುನ್ನೂರು ಮಾರ್ಕ್, ಅಂದರೆ 200 ಪೌಂಡು ಗೊತ್ತುಮಾಡಿದ. ಸಾಮಾನ್ಯ ಮನೆಗೆ ಅದು ದೊಡ್ಡ ಮೊತ್ತ, ನಿಜ. ಆದರೆ ಡಚೆಸ್, ಅಂದರೆ ಡ್ಯೂಕನ ಹೆಂಡತಿ, ಅನ್ನಿಸಿಕೊಂಡವಳು ಆಳುಕಾಳು ಇಟ್ಟುಕೊಂಡು ಬದುಕಲು ಅದು ಇಕ್ಕಟ್ಟು. ವಿಚ್ಛೇದನಕ್ಕೆ ಒಪ್ಪಿದರೆ ಒಡವೆ, ಬಟ್ಟೆ ವಾಪಸ್ ಕೊಡುತ್ತೇನೆ ಅಂತ ಹೇಳಿ ಕಳಿಸಿದ. ಅವಳು ಒಪ್ಪಲಿಲ್ಲ. ಒಪ್ಪಿದ್ದರೆ ಏನಾಗುತ್ತಿತ್ತು? ಮದುವೆಯಾದ ಹೆಣ್ಣಿಗೆ ಆಗಿನ ಕಾನೂನಿನಲ್ಲಿ ತನ್ನದು ಅಂತ ಆಸ್ತಿಯೇ ಇಲ್ಲ. ಗಂಡ ಸತ್ತ ಮೇಲೆ ಬರಬೇಕಾದ ಜೀವನಾಂಶದ ಜಮೀನೊಂದೇ ಅವಳ ಆಸರೆ. ಹೆಂಡತಿ ಅನ್ನುವ ಹೆಸರು ಬಿಟ್ಟರೆ ಅದೂ ಕೈತಪ್ಪುವ ಅಪಾಯ. ಹಟ ಅಂತ ಬರೆಯುತ್ತಾರೆ. ನನಗೆ ಅದು ಲೆಕ್ಕ ಬಲ್ಲವಳ ನಿರ್ಧಾರ ಅಂತ ಕಾಣುತ್ತದೆ. ತವರಿಗೆ ಹೋಗೋಣ ಅಂದರೆ ಅಪ್ಪ ಇಲ್ಲ, ಸ್ವಂತ ತಮ್ಮ ಹೆನ್ರಿ ಸ್ಟಾಫರ್ಡ್ ಮನೆಗೆ ಸೇರಿಸಿಕೊಳ್ಳಲಿಲ್ಲ. ಮಕ್ಕಳು ಅಪ್ಪನ ಕಡೆ ನಿಂತರು. ಇಷ್ಟು ಕೃತಘ್ನ ಮಕ್ಕಳನ್ನು ಯಾವ ತಾಯಿಯೂ ಹೆತ್ತಿರಲಿಕ್ಕಿಲ್ಲ ಅಂತ ಅವಳು ಬರೆದ ಸಾಲು ಓದಿದಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಹೊಡೆತದ ವಿಷಯಕ್ಕೆ ಬರುತ್ತೇನೆ. ಕ್ರಾಮ್ವೆಲ್‌ಗೆ ಬರೆದ ಪತ್ರಗಳಲ್ಲಿ ಅವಳು ಎರಡು ದೊಡ್ಡ ಆರೋಪ ಮಾಡುತ್ತಾಳೆ. ಒಂದು, ಮನೆಯ ಹೆಂಗಸರು ತನ್ನನ್ನು ಕಟ್ಟಿಹಾಕಿ, ರಕ್ತ ಕಾರುವವರೆಗೆ ಎದೆಯ ಮೇಲೆ ಕುಳಿತರು ಅನ್ನುವುದು. ಇನ್ನೊಂದು, ಮಗಳು ಮೇರಿ ಹುಟ್ಟಿದ ಹೊತ್ತಿನಲ್ಲಿ, ಬಾಣಂತಿಯಾಗಿದ್ದಾಗ, ಗಂಡ ಕೂದಲು ಹಿಡಿದು ಹಾಸಿಗೆಯಿಂದ ಎಳೆದು ಕಠಾರಿಯಿಂದ ತಲೆಗೆ ಗಾಯ ಮಾಡಿದ ಅನ್ನುವುದು. ಎರಡನೆಯದಕ್ಕೆ ನಾರ್ಫೋಕ್ ಉತ್ತರ ಬರೆದ. ಆ ಗಾಯದ ಗುರುತು ಹೆರಿಗೆಗೂ ಹದಿನೈದು ತಿಂಗಳ ಹಿಂದಿನದು, ಎರಡು ಹಲ್ಲು ಕಿತ್ತ ಮೇಲೆ ಬಾವು ಬಂದಾಗ ಲಂಡನ್ನಿನ ವೈದ್ಯ ಕೊಯ್ದದ್ದು ಅಂದ.

ಯಾರನ್ನು ನಂಬುವುದು? ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು, ಅವನು ಏನನ್ನು ಅಲ್ಲಗಳೆಯುವುದಿಲ್ಲ ಅಂತ ನೋಡಿ. ಬೆಸ್ ಹಾಲೆಂಡ್ ಇರುವುದನ್ನು ಅಲ್ಲಗಳೆಯುವುದಿಲ್ಲ. ಒಡವೆ ಕಿತ್ತುಕೊಂಡದ್ದನ್ನು, ದೂರ ಇಟ್ಟದ್ದನ್ನು ಅಲ್ಲಗಳೆಯುವುದಿಲ್ಲ. ಕಠಾರಿಯೊಂದಕ್ಕೆ ಮಾತ್ರ ದಿನಾಂಕ ಸಮೇತ ಉತ್ತರ. ಕಠಾರಿಯ ಘಟನೆ ಹದಿನೈದು ವರ್ಷಕ್ಕೂ ಹಿಂದಿನದು, ಕೋಪದಲ್ಲಿ ನೆನಪು ಬೆಳೆದಿರಲೂಬಹುದು. ಆದರೆ ಅವಳ ಬದುಕಿನಲ್ಲಿ ಹಿಂಸೆ ಇತ್ತು ಅನ್ನುವುದನ್ನು ನಾನು ನಂಬುತ್ತೇನೆ. ಹೆಂಡತಿಗೆ 'ಬುದ್ಧಿ ಕಲಿಸುವ' ಹಕ್ಕು ಗಂಡನಿಗೆ ಇದೆ ಅಂತ ಆ ಸಮಾಜ ಒಪ್ಪಿತ್ತು. ಅಂಥಲ್ಲಿ ಒಬ್ಬ ಡಚೆಸ್ ಮಾನ ಬಿಟ್ಟು, ರಾಜನ ಮಂತ್ರಿಗೆ ವರ್ಷಗಟ್ಟಲೆ ಪತ್ರ ಬರೆದಳು ಅಂದರೆ ಸುಮ್ನೆ ಬರೆದಿರುವುದಿಲ್ಲ. ನಿಮ್ಮ ಹುಡುಗರ 'ಆ ಕಾಲವೇ ಹಾಗಿತ್ತು' ಅನ್ನುವ ಮಾತಿಗೆ ಉತ್ತರವೂ ಇಲ್ಲೇ ಇದೆ. ಆ ಕಾಲದಲ್ಲೇ ಇದ್ದವಳು ಇದು ಅನ್ಯಾಯ ಅಂತ ಬರೆದಿದ್ದಾಳಲ್ಲ!

ರಂಗದ ಮೇಲೆ ಕಠಾರಿಯ ದೃಶ್ಯ ತೋರಿಸಿದರೆ ಪ್ರೇಕ್ಷಕರು ಅದನ್ನು ನಡೆದದ್ದು ಅಂತಲೇ ತೆಗೆದುಕೊಳ್ಳುತ್ತಾರೆ, ಅವನ ಉತ್ತರ ಸುಳ್ಳು ಅಂತ ನೀವು ತೀರ್ಪು ಕೊಟ್ಟಂತಾಗುತ್ತದೆ. ಪೂರ್ತಿ ಬಿಟ್ಟರೆ ಅವಳ ಬಾಯಿ ಮುಚ್ಚಿಸಿದಂತೆ. ಅವಳು ಒಂದು ಮೂಲೆಯಲ್ಲಿ ಕುಳಿತು ಪತ್ರ ಬರೆಯಲಿ, ಅವನು ಇನ್ನೊಂದು ಮೂಲೆಯಲ್ಲಿ. ನಡುವೆ ಕ್ರಾಮ್ವೆಲ್ ಎರಡನ್ನೂ ಓದುತ್ತಿರಲಿ. ಈ ದಾರಿ ನನಗೆ ಇಷ್ಟ.

ಕ್ಯಾಥರಿನ್ ಹಾವರ್ಡ್ ಕಥೆ ನಿಮಗೆ ಗೊತ್ತಿರುವುದರಿಂದ ಬೇಗ ಮುಗಿಸುತ್ತೇನೆ. ಬಡತನದ ಮನೆ, ನಾರ್ಫೋಕನ ಮಲತಾಯಿ ಆಗ್ನೆಸ್ ಬಳಿ ಬೆಳೆದಳು. ಮನೆತನದ ಪ್ರಭಾವದಿಂದಲೇ ಅರಮನೆಯಲ್ಲಿ ಕೆಲಸ ಸಿಕ್ಕಿತು. ರಾಜನ ಕಣ್ಣು ಬಿದ್ದ ಮೇಲೆ ಮನೆಯವರು ಅದನ್ನು ಚೆನ್ನಾಗಿ ಬಳಸಿಕೊಂಡರು. 1540ರ ಜುಲೈ 28ರಂದು ರಾಜ ಅವಳನ್ನು ಮದುವೆಯಾದ. ನಾರ್ಫೋಕನ ಶತ್ರು ಕ್ರಾಮ್ವೆಲ್‌ನ ತಲೆ ಹೋದದ್ದೂ ಅದೇ ದಿನ. ಒಂದೂವರೆ ವರ್ಷ ಕಳೆಯುವುದರೊಳಗೆ ಅವಳ ಹಳೆಯ ಸಂಬಂಧಗಳು ಹೊರಬಂದವು. ದೊಡ್ಡಪ್ಪ ಆಗ ಮಾಡಿದ್ದು ಒಂದೇ ಕೆಲಸ. 1541ರ ಡಿಸೆಂಬರಿನಲ್ಲಿ ರಾಜನಿಗೆ ಪತ್ರ ಬರೆದು ಮಲತಾಯಿ, ತಮ್ಮ, ಇಬ್ಬರು ಹುಡುಗಿಯರು, ಎಲ್ಲರನ್ನೂ ಕೈಬಿಟ್ಟ. 1542ರ ಫೆಬ್ರವರಿ 13ರಂದು ಕ್ಯಾಥರಿನ್‌ಳ ತಲೆಯೂ ಹೋಯಿತು. ನನ್ನ ಮಟ್ಟಿಗೆ ಈ ಪತ್ರ ಆನ್‌ಳ ತೀರ್ಪಿಗಿಂತ ಕೆಟ್ಟದ್ದು. ಅಲ್ಲಿ ಅವನು ಕುರ್ಚಿಯಲ್ಲಿ ಕೂರಲೇಬೇಕಿತ್ತು. ಇಲ್ಲಿ ಮುದಿ ಮಲತಾಯಿಯ ಮೇಲೆ ಕೆಸರು ಎರಚುವ ಅಗತ್ಯ ಇರಲಿಲ್ಲ.

ಇನ್ನು ಮಗ ಮತ್ತು ಮಗಳು. ಮಗ ಸರ್ರೆ ಕವಿ. ಇಂಗ್ಲಿಷಿನಲ್ಲಿ ಪ್ರಾಸವಿಲ್ಲದ ಛಂದಸ್ಸು, ಬ್ಲಾಂಕ್ ವರ್ಸ್, ಮೊದಲು ತಂದವನು ಅವನೇ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ವರ್ಜಿಲನ ಈನಿಯಡ್ ಕಾವ್ಯದ ಎರಡು ಕಾಂಡಗಳನ್ನು ಹಾಗೆ ಅನುವಾದಿಸಿದ. ಮಹಾ ಮುಂಗೋಪಿ. ಮಗಳು ಮೇರಿಯನ್ನು ರಾಜನ ಮದುವೆಯಾಚೆಗಿನ ಮಗ ಹೆನ್ರಿ ಫಿಟ್ಸ್‌ರಾಯ್‌ಗೆ 1533ರಲ್ಲಿ ಕೊಟ್ಟಿದ್ದರು. ಆ ಹುಡುಗ 1536ರ ಜುಲೈನಲ್ಲಿ ಹದಿನೇಳಕ್ಕೇ ಸತ್ತ. ಮೇರಿಗೂ ಹದಿನೇಳರ ಆಸುಪಾಸು. ಗಂಡ ಹೆಂಡಿರು ಕೂಡಿ ಬಾಳಿರಲಿಲ್ಲ ಅನ್ನುವ ನೆಪದಲ್ಲಿ ರಾಜ ಅವಳ ಜೀವನಾಂಶದ ಜಮೀನು ತಡೆಹಿಡಿದ. ಅಪ್ಪ ಸಾಕಷ್ಟು ಒತ್ತಾಯ ಮಾಡುತ್ತಿಲ್ಲ ಅಂತ ಅವಳೂ ಕ್ರಾಮ್ವೆಲ್‌ಗೆ ಪತ್ರ ಬರೆದಳು. ತಾಯಿಯ ಹಾಗೆಯೇ!

1546ರಲ್ಲಿ ರಾಜ ಸಾಯುವ ಸ್ಥಿತಿಗೆ ಬಂದಿದ್ದ. ಮಗ ಎಡ್ವರ್ಡ್‌ಗೆ ಒಂಬತ್ತು ವರ್ಷ. ಅವನ ಹೆಸರಿನಲ್ಲಿ ಆಳುವವರು ಯಾರು? ಹುಡುಗನ ಸೋದರಮಾವ ಎಡ್ವರ್ಡ್ ಸೀಮರನ ಕಡೆಯವರೇ ಅಥವಾ ಹಾವರ್ಡ್ ಕಡೆಯವರೇ? ನಾರ್ಫೋಕ್ ರಾಜಿ ಮಾಡಿಕೊಳ್ಳಲು ನೋಡಿದ, ವಿಧವೆ ಮೇರಿಯನ್ನು ಸೀಮರನ ತಮ್ಮ ಥಾಮಸ್‌ಗೆ ಕೊಡುವ ಮಾತಾಡಿದ. ಸರ್ರೆ ಉರಿದುಬಿದ್ದ. ಹೊಸದಾಗಿ ಮೇಲೆ ಬಂದವರ ಮನೆಗೆ ತಂಗಿಯನ್ನು ಕೊಡುವುದಾ ಅನ್ನುವ ಜಂಬ. ಅದಕ್ಕಿಂತ ರಾಜನನ್ನೇ ಒಲಿಸಿಕೊಂಡು ಅವನ ಪ್ರೇಯಸಿಯಾಗು ಅಂತ ತಂಗಿಗೆ ಹೇಳಿದ ಅನ್ನುವುದು ವಿಚಾರಣೆಯ ಕಾಗದಗಳಲ್ಲಿದೆ. ಹೀಗೆ ಹೇಳಿಸಿಕೊಂಡ ಹೆಣ್ಣು ಅಣ್ಣನನ್ನು ಕ್ಷಮಿಸಬೇಕಿತ್ತಾ?

1546ರ ಡಿಸೆಂಬರ್ 12ರಂದು ಅಪ್ಪ ಮಗ ಇಬ್ಬರೂ ಟವರ್ ಸೇರಿದರು. ಎರಡು ದಿನದ ಮೇಲೆ ಬೆಳಗಿನ ಜಾವ ರಾಜನ ಕಡೆಯವರು ನಾರ್ಫೋಕನ ಕೆನಿಂಗ್‌ಹಾಲ್ ಅರಮನೆಯ ಬಾಗಿಲು ತಟ್ಟಿದರು. ಮೇರಿ ನಡುಗುತ್ತಾ ಕೆಳಗೆ ಬಂದಳು. ಬೆಸ್ ಹಾಲೆಂಡಳ ಒಡವೆಗಳನ್ನೂ ಜಪ್ತಿ ಮಾಡಿದರು. ಮೇರಿ, ಬೆಸ್, ಎಲಿಜಬೆತ್ ಮೂವರ ಹೇಳಿಕೆಯೂ ಬಂತು. ಸರ್ರೆ ಮೇಲಿನ ಆರೋಪ ಇಂಗ್ಲೆಂಡಿನ ಹಳೆಯ ಕಾಲದ ರಾಜ ಎಡ್ವರ್ಡ್ ದಿ ಕನ್ಫೆಸರ್‌ನ ಲಾಂಛನವನ್ನು ತನ್ನ ಲಾಂಛನದಲ್ಲಿ ಸೇರಿಸಿಕೊಂಡ ಅನ್ನುವುದು. ಒಂದು ಚಿತ್ರಕ್ಕೆ ತಲೆ ಹೋಯಿತೇ ಅಂತ ನಿಮ್ಮ ಮಕ್ಕಳು ಕೇಳಬಹುದು. ನನಗೂ ಸಿಂಹಾಸನದ ಮೇಲೆ ಹಕ್ಕಿದೆ ಅಂತ ಹೇಳುವ ಭಾಷೆ ಆ ಲಾಂಛನ. ಜನವರಿ 19ರಂದು ಅವನ ತಲೆ ಕಡಿದರು. ಅದಕ್ಕೆ ಒಂದು ವಾರ ಮೊದಲೇ, 12ರಂದು, ಅಪ್ಪ ತಪ್ಪೊಪ್ಪಿಗೆಗೆ ಸಹಿ ಹಾಕಿದ್ದ. ಮಗನ ಅಪರಾಧವನ್ನು ಬಚ್ಚಿಟ್ಟದ್ದು ನನ್ನ ತಪ್ಪು ಅಂತ ಅದರಲ್ಲಿ ಒಪ್ಪಿಕೊಂಡಿದ್ದ.

ಆ ದಿನಗಳಲ್ಲಿ ಮುದುಕ ಸೆರೆಯಿಂದ ಒಂದು ಬೇಡಿಕೆ ಕಳಿಸಿದ. ಪುಸ್ತಕ ಬೇಕು, ಮಲಗುವ ಮುಂಚೆ, ಎದ್ದ ಮೇಲೆ ಓದದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ಹನ್ನೆರಡು ವರ್ಷದಿಂದ ಹೀಗೆ ಅಂತ. ಹಾಸಲು ಬಟ್ಟೆಯನ್ನೂ ಕೇಳಿದ. ಹನ್ನೆರಡು ವರ್ಷ ಹಿಂದಕ್ಕೆ ಎಣಿಸಿದರೆ 1534 ಬರುತ್ತದೆ, ಹೆಂಡತಿಯನ್ನು ದೂರ ಇಟ್ಟ ವರ್ಷ. ಅದರಿಂದ ಏನನ್ನೂ ಸಾಬೀತು ಮಾಡಲಾಗದು. ಆದರೆ ನಾಟಕ ಬರೆಯುವವರಿಗೆ ಹೇಳದೆ ಇರಲು ಮನಸ್ಸಾಗಲಿಲ್ಲ.

ಕೊನೆಯ ಕ್ಷಣದ ಪಾರಾಗುವಿಕೆ ಕಟ್ಟುಕಥೆ ಅಲ್ಲ. ಅವನಿಗೆ ನ್ಯಾಯಾಲಯದ ವಿಚಾರಣೆಯೇ ಆಗಲಿಲ್ಲ. 'ಅಟೇಂಡರ್' ಅನ್ನುವ ದಾರಿ ಹಿಡಿದರು, ಅಂದರೆ ಪಾರ್ಲಿಮೆಂಟೇ ಕಾಯಿದೆ ಮಾಡಿ ಒಬ್ಬನನ್ನು ದ್ರೋಹಿ ಅನ್ನುವುದು. ಪದವಿ, ಆಸ್ತಿ ಎಲ್ಲ ರಾಜನಿಗೆ. 1547ರ ಜನವರಿ 27ರಂದು ಅದಕ್ಕೆ ರಾಜನ ಒಪ್ಪಿಗೆ ಬಿತ್ತು. 28ರ ಬೆಳಗಿನ ಜಾವ ರಾಜ ಸತ್ತ. ಹೊಸದಾಗಿ ಅಧಿಕಾರ ಹಿಡಿದವರು ಅವನ ಜಮೀನು ಹಂಚಿಕೊಂಡರು, ತಲೆ ಉಳಿಸಿದರು. ಆದರೆ ಬಿಡುಗಡೆ ಆಯಿತು ಅಂತ ತೋರಿಸಬೇಡಿ, ಅದು ತಪ್ಪು. ಆರು ವರ್ಷಕ್ಕೂ ಜಾಸ್ತಿ ಅವನು ಟವರಿನಲ್ಲೇ ಇದ್ದ. ಹೊರಗೆ ಸರ್ರೆಯ ಮಕ್ಕಳನ್ನು ಸಾಕಿದವಳು ಯಾರು ಗೊತ್ತಾ? ಅಣ್ಣನ ವಿರುದ್ಧ ಹೇಳಿಕೆ ಕೊಟ್ಟ ಮೇರಿಯೇ. ಅಪ್ಪನ ಬಿಡುಗಡೆಗೆ ಓಡಾಡಿದವಳೂ ಅವಳೇ. ಇದಕ್ಕಾಗಿ ಅವಳಿಗೆ 500 ಪೌಂಡು ಕೊಡಬೇಕೆಂದು ಮುದುಕ ತನ್ನ ಉಯಿಲಿನಲ್ಲಿ ಬರೆಸಿದ್ದಾನೆ.

ಹಾಗಾದರೆ ನಾಟಕ ಹೇಗೆ ಕಟ್ಟುವುದು? ಅವನನ್ನು ಖಳ ಮಾಡಿದರೆ ಬರೆಯಲು ಸುಲಭ, ನಟನಿಗೂ ಚಪ್ಪಾಳೆ ಬರುತ್ತದೆ. ಆದರೆ ಅವನೊಬ್ಬ ಕೆಟ್ಟವನು ಅಂದ ಕೂಡಲೇ ಕುರ್ಚಿಯಲ್ಲಿ ಕೂರಿಸಿದ ರಾಜ ತಪ್ಪಿಸಿಕೊಳ್ಳುತ್ತಾನೆ. ಬಾಸ್ವರ್ತ್‌ನಿಂದ ಶುರುಮಾಡಿ ಅವನ ಭಯ ತೋರಿಸಿದರೆ ಆಳ ಬರುತ್ತದೆ, ಆದರೆ ಪ್ರೇಕ್ಷಕರು ಕರಗಿ ಎಲಿಜಬೆತ್‌ಳನ್ನು ಮರೆಯುವ ಅಪಾಯ ಇದೆ. ಎಲ್ಲವನ್ನೂ ಅವಳ ಕಣ್ಣಿಂದ ಹೇಳಿದರೆ ಟವರಿನ ಸಭಾಂಗಣದ ಒಳಗೆ ನೀವು ಹೋಗಲಾರಿರಿ. ನಾನಾದರೆ ಮೇರಿಯನ್ನು ಹಿಡಿಯುತ್ತೇನೆ. ಅಪ್ಪ, ಅಮ್ಮ, ಅಣ್ಣ, ರಾಜ ನಾಲ್ವರಿಂದಲೂ ಪೆಟ್ಟು ತಿಂದವಳು ಅವಳು. ಕೊನೆಗೆ ಮಕ್ಕಳನ್ನು ಎತ್ತಿಕೊಂಡವಳೂ ಅವಳೇ. ಅಮ್ಮನ ಪತ್ರ, ಅಪ್ಪನ ಉತ್ತರ ಎರಡೂ ಅವಳ ಬಾಯಲ್ಲಿ ಬರಬಹುದು. ಇದರಲ್ಲೂ ಕಷ್ಟ ಇದೆ. ಅವಳು ಅಮ್ಮನ ಪರ ನಿಲ್ಲಲಿಲ್ಲ, ಅದನ್ನು ಮೆತ್ತಗೆ ಮಾಡಬಾರದು. ಆ ಪಾತ್ರಕ್ಕೆ ನಿಮ್ಮಲ್ಲಿ ಗಟ್ಟಿ ಹುಡುಗಿ ಬೇಕು.

ಮುಗಿಸುವ ಜಾಗ ಕೇಳಿದ್ದೀರಿ. 1553ರ ಆಗಸ್ಟ್ 3. ಎಂಟನೇ ಹೆನ್ರಿಯ ಮಗಳು, ಹೊಸ ರಾಣಿ ಮೇರಿ ಟ್ಯೂಡರ್ ಲಂಡನ್ನಿಗೆ ಬಂದಳು. ಟವರಿನ ಹುಲ್ಲಿನ ಅಂಗಳದಲ್ಲಿ ಸೆರೆಯಾಳುಗಳು ಮಂಡಿಯೂರಿದ್ದರು. ಅವರಲ್ಲಿ ಎಂಬತ್ತರ ನಾರ್ಫೋಕ್. ಇವರು ನನ್ನ ಸೆರೆಯಾಳುಗಳು ಅಂತ ಹೇಳಿ ರಾಣಿ ಒಬ್ಬೊಬ್ಬರನ್ನೇ ಎಬ್ಬಿಸಿ ಮುತ್ತಿಟ್ಟಳು. ಬಹಳ ಜನ ಇಲ್ಲೇ ಪರದೆ ಹಾಕುತ್ತಾರೆ. ನೀವು ಇನ್ನು ಹದಿನೈದು ದಿನ ಮುಂದಕ್ಕೆ ಹೋಗಿ. ಆಗಸ್ಟ್ 18, ವೆಸ್ಟ್‌ಮಿನ್ಸ್ಟರ್ ಹಾಲ್. ರಾಣಿಗೆ ಎದುರು ನಿಂತು ಸೋತ ನಾರ್ತಂಬರ್ಲೆಂಡ್ ಡ್ಯೂಕ್ ಜಾನ್ ಡಡ್ಲಿಯ ವಿಚಾರಣೆ. ಲಾರ್ಡ್ ಹೈ ಸ್ಟೀವರ್ಡ್ ಯಾರು ಅಂತ ಕೂಗುತ್ತಾರೆ. ಸೆರೆಯಿಂದ ಬಂದ ಮುದುಕ ಮೆಲ್ಲಗೆ ನಡೆದು ಬರುತ್ತಾನೆ. ಕೋಲು ತೆಗೆದುಕೊಳ್ಳುತ್ತಾನೆ. ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಈ ಸಲ ಅವನ ಕಾಲ ಬಳಿ ಮಗ ಇಲ್ಲ.